ಭೂಗೋಳದ ಅರ್ಜಿ

ಚಿಕ್ಕಸಿದ್ದಮ್ಮ ಹಸಿ ಎಲೆಗಳನ್ನು ಮೂರು ಮೂರಾಗಿ ಜೋಡಿಸಿ ಕೊಡುತ್ತಿದ್ದಳು. ವಿಮಲಮ್ಮ ಅದನ್ನು ಈಸಿಕೊಂಡು, ತೊಟ್ಟಿಗೆ ದಾರ ಸುತ್ತಿ, ಒಂದು ಕಟ್ಟು ಕಡ್ಡಿಯ ಆ ಕಡೆಗೆ, ಇನ್ನೊಂದು ಈ ಕಡೆಗೆ ಬೀಳುವಂತೆ ಬಿಗಿಯುತ್ತಿದ್ದಳು. ಆ ವರ್ಷದ ಮೊದಲ ಹೊಗೆಸೊಪ್ಪು. ಬೆಳಗಿನ ಜಾವ ಮುರಿದು ತಂದದ್ದು, ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದಿನ ಚಪ್ಪರದಡಿ ರಾಶಿ ಬಿದ್ದಿತ್ತು. ಸಂಜೆಯೊಳಗೆ ಕಡ್ಡಿಗಳೆಲ್ಲ ಒಳಗೆ ಏರಿದರೆ ಮಾತ್ರ ಒಲೆಗೆ ಬೆಂಕಿ ಹಾಕುವುದು. ಎಲೆಯ ಅಂಟು ಇಬ್ಬರ ಕೈಯನ್ನೂ ಒಂದೇ ಸಮನಾಗಿ ಕಪ್ಪು ಮಾಡಿತ್ತು. ಸಮ ಅನ್ನುವುದು ಅಲ್ಲಿಗೇ ಮುಗಿಯಿತು. ಟೀ ಬಂದಾಗ ವಿಮಲಮ್ಮನ ಲೋಟ ಮನೆಯೊಳಗಿಂದ ಬಂತು, ಚಿಕ್ಕಸಿದ್ದಮ್ಮನದು ಬ್ಯಾರನ್ನಿನ ಗೋಡೆಯ ಗೂಡಿನಿಂದ ಕೆಳಗಿಳಿಯಿತು.

ಎರಡೂ ಮುಕ್ಕಾಲಿನ ಬಸ್ಸು ಬಂದು ಹೋದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚಿಕ್ಕಸಿದ್ದಮ್ಮನ ಮಗಳು ಸುಕನ್ಯ ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ಚಪ್ಪರದ ಆಚೆ ಬಂದು ನಿಂತಳು. ಕೈಯಲ್ಲಿ ಮಡಿಸಿದ ಒಂದು ಹಾಳೆ.

“ಅವ್ವೋರೆ, ಗೌಡ್ರ ಒಂದು ಸೈನು ಬೇಕಾಗಿತ್ತು.”

“ಯಾತಕ್ಕೆ?”

“ಕಾಲೇಜಿಗೆ. ಸೋಶಿಯಾಲಜಿ ಬುಟ್ಟು ಭೂಗೋಳ ತಗಳಾಕೆ ಅರ್ಜಿ ಕೊಡ್ಬೇಕು.”

ವಿಮಲಮ್ಮ ಕಡ್ಡಿಯಿಂದ ಕಣ್ಣು ಎತ್ತಲಿಲ್ಲ. “ಎಲ್ಲಾ ಸಮಾಜಾನೇ ಅಲ್ವೇನೆ? ಹತ್ತನೇ ಕ್ಲಾಸಲ್ಲಿ ಒಂದೇ ಪುಸ್ತಕ ಇತ್ತಲ್ಲ.”

“ಹತ್ತರಲ್ಲಿ ಒಂದೇ ಅವ್ವೋರೆ. ಪಿಯುಸಿಲಿ ಬೇರೆ ಬೇರೆ. ನಾನು ಕೇಳಿದ್ದು ಭೂಗೋಳ, ಬರ್ಕೊಂಡಿರೋದು ಸೋಶಿಯಾಲಜಿ.”

“ಕೈ ಅಂಟಾಗದೆ. ಒಳಗೆ ಟೀವಿ ತಾವ ಮಡಗ್ಬುಟ್ಟು ಓಗು.” ಆಮೇಲೆ ಏನೋ ನೆನಪಾದವಳಂತೆ, “ಹಿತ್ತಲ ಬಾಗ್ಲಿಂದ ಓಗು, ಮುಂದಲ ಜಗಲಿ ಈಗ ತಾನೆ ಸಾರ್ಸಿವ್ನಿ” ಅಂದಳು.

ಹಿರೀಕೊಪ್ಪಲು ಬಿಳಿಕೆರೆಯಿಂದ ಏಳು ಕಿಲೋಮೀಟರು ಒಳಗಿರುವ ಊರು. ಬೆಳಿಗ್ಗೆ ಎಂಟಕ್ಕೆ ಹುಣಸೂರಿಗೆ ಹೋಗುವ ಬಸ್ಸು ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಬರುತ್ತದೆ, ಸಂಜೆ ಆರಕ್ಕೆ ಇನ್ನೊಮ್ಮೆ ಬರುತ್ತದೆ. ಆ ಊರಿನ ದೊಡ್ಡ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಒಂಟಿಯಾಗಿ ಬಸ್ಸು ಹತ್ತಿಸುವ ವಾಡಿಕೆಯಿಲ್ಲ. ಓದಲು ಹೋಗುವ ಮಗಳಿಗೆ ಆಳುಮನೆಯ ಹುಡುಗಿಯೊಬ್ಬಳನ್ನು ಜೊತೆ ಮಾಡಿ ಕಳಿಸುತ್ತಾರೆ. ಅವಳಿಗೆ ಹೆಸರೇ ‘ಜೊತೆ’. ‘ನಿಮ್ಮುಡ್ಗಿಗೆ ಜೊತೆ ಯಾರು?’ ಎಂದೇ ಕೇಳುವುದು. ವಿಮಲಮ್ಮ ಕೂಡ ತವರಾದ ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಹೈಸ್ಕೂಲಿಗೆ ಹೋಗುವಾಗ ಬಸವಮ್ಮ ಎಂಬುವಳ ಜೊತೆಯಲ್ಲಿ ಹೋದವಳೇ. ಬಸವಮ್ಮನಿಗೆ ಓದು ಹತ್ತುತ್ತಿತ್ತೋ ಇಲ್ಲವೋ, ಕೇಳಿದವರಿಲ್ಲ. ಒಂಬತ್ತನೇ ಕ್ಲಾಸಿನ ನಡುವೆ ವಿಮಲಮ್ಮ ಶಾಲೆ ಬಿಟ್ಟಳು. ಮಾರನೆಯ ದಿನ ಬಸವಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಇಬ್ಬರಿಗೂ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಒಬ್ಬಳಿಗಂತೂ ಕಂಡಿರಲಿಲ್ಲ.

ಈಗ ವಿಮಲಮ್ಮನ ಮಗಳು ರಮ್ಯಶ್ರೀಯ ಜೊತೆ ಸುಕನ್ಯ. ಇಬ್ಬರೂ ಹತ್ತನೇ ಕ್ಲಾಸು ಒಟ್ಟಿಗೇ ಪಾಸಾದರು. ರಮ್ಯಶ್ರೀಗೆ ಸಮಾಜದಲ್ಲಿ ನಲವತ್ತೊಂದು ಬಂದಿತ್ತು, ಸುಕನ್ಯಳಿಗೆ ತೊಂಬತ್ತೆಂಟು. ಸುಕನ್ಯ ಮೂರು ತಿಂಗಳು ದೊಡ್ಡವಳು; ಆದರೂ ಊರೊಳಗೆ ರಮ್ಯಶ್ರೀಯನ್ನು ‘ರಮ್ಯಕ್ಕ’ ಎಂದೇ ಕೂಗಬೇಕು.

ಭೂಗೋಳದ ಹುಚ್ಚು ಸುಕನ್ಯಳಿಗೆ ಹಿಡಿಸಿದವರು ಹೈಸ್ಕೂಲಿನ ಮಹೇಂದ್ರ ಮೇಷ್ಟ್ರು. ಹೆಜ್ಜೆ ಎಣಿಸಿ ನಕ್ಷೆ ಬರೆಯುವುದನ್ನು ಅವರು ಒಮ್ಮೆ ಕಲಿಸಿದರು. ಉಳಿದ ಮಕ್ಕಳು ಶಾಲೆಯ ಅಂಗಳ ಬರೆದು ಮುಗಿಸಿದರೆ, ಈ ಹುಡುಗಿ ಎರಡು ಭಾನುವಾರ ಊರೆಲ್ಲ ನಡೆದು, ಕೆರೆ, ಕೋಡಿ, ಎರಡು ಬೀದಿ, ಎರಡು ಬಾವಿ, ತನ್ನ ಕೇರಿಯ ಮೂವತ್ತೊಂದು ಮನೆ, ಎಲ್ಲವನ್ನೂ ಒಂದು ಹಾಳೆಗೆ ಇಳಿಸಿದಳು. ಜನ ನಕ್ಕರು. ‘ಏನಮ್ಮೀ, ಊರ ಕೊಳ್ತೀಯಾ?’ ಅಂದರು. ಮೇಷ್ಟ್ರು ಆ ಹಾಳೆಗೆ ಚೌಕಟ್ಟು ಹಾಕಿಸಿ ಶಾಲೆಯ ಕಚೇರಿಯಲ್ಲಿ ತೂಗುಹಾಕಿದರು. ‘ಇದನ್ನ ಸರಿಯಾಗಿ ಅಳೆದು ಬರೆಯೋದು ಕಲೀಬೇಕು ಅಂದ್ರೆ ಪಿಯುಸಿಯಲ್ಲಿ ಭೂಗೋಳ ತಗೋ’ ಎಂದು ಅವರು ಅಂದದ್ದೊಂದೇ ಮಾತು. ಅಂದಿನಿಂದ ಹುಡುಗಿಯ ಬಾಯಲ್ಲಿ ಬೇರೆ ಮಾತಿಲ್ಲ.

ಹುಣಸೂರಿನ ಆ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಎರಡು ಸೆಕ್ಷನ್. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎರಡಕ್ಕೂ ಇದೆ. ನಾಲ್ಕನೆಯ ವಿಷಯ ಒಂದರಲ್ಲಿ ಸಮಾಜಶಾಸ್ತ್ರ, ಇನ್ನೊಂದರಲ್ಲಿ ಭೂಗೋಳ. ಭೂಗೋಳದವರಿಗೆ ಬುಧವಾರ, ಶನಿವಾರ ಮಧ್ಯಾಹ್ನ ಅಳತೆ, ನಕ್ಷೆಯ ಪ್ರಾಯೋಗಿಕ ತರಗತಿ. ಆ ಎರಡು ದಿನ ಅವರು ಆರರ ಬಸ್ಸಿಗೆ ಬರಬೇಕು.

ಸೇರಿಸಲು ಹೋದ ದಿನ ವಿಮಲಮ್ಮನ ಗಂಡ ಶಿವಶಂಕರ್ ಗೌಡರು ಎರಡು ಹುಡುಗಿಯರನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಸುಕನ್ಯಳ ಅಪ್ಪ ಚಿಕ್ಕಮಾದು ಬಸ್ಸಿನಲ್ಲಿ ಹಿಂದಿನಿಂದ ಬಂದ. ಬಂದವನು ಕಾಲೇಜಿನ ಗೇಟಿನಾಚೆ ನಿಂತ. ಅವನಿಗೆ ತನ್ನ ಹೆಸರು ಬರೆಯಲು ಬರುತ್ತದೆ. ಆದರೆ ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಗೌಡರು ಒಳಗಿರುವಾಗ ತಾನು ಹೋಗುವುದು ಅವನಿಗೂ ಸರಿಕಾಣಲಿಲ್ಲ. ಗುಮಾಸ್ತ ಸುಕನ್ಯಳನ್ನು ಯಾವ ವಿಷಯ ಎಂದು ಕೇಳಿದ. ಅವಳು “ಭೂಗೋಳ” ಅನ್ನುವಷ್ಟರಲ್ಲಿ ಗೌಡರು, “ಎರಡಕ್ಕೂ ಒಂದೇ ಬರ್ಕೊಳ್ಳಿ ಸ್ವಾಮಿ, ಜೊತೇಲಿ ಬಂದು ಓಗೋವು” ಅಂದರು. ಪೋಷಕರ ಸಹಿ ಎಂಬಲ್ಲಿ ಎರಡು ಫಾರಮ್ಮಿಗೂ ಅವರೇ ಹಾಕಿದರು. ಊರಿಗೆ ಬಂದು ಚಿಕ್ಕಮಾದು ಅದನ್ನು ಹತ್ತು ಜನರಿಗೆ ಹೇಳಿಕೊಂಡ. “ನನ್ನ ಮಗ್ಳಿಗೆ ಗೌಡ್ರೇ ಸೈನಾಕವ್ರೆ ಕಣ್ರಪ್ಪಾ.” ಕೇರಿಯವರೂ ಅದನ್ನು ದೊಡ್ಡ ಮರ್ಯಾದೆಯೆಂದೇ ಎಣಿಸಿದರು.

ಮರ್ಯಾದೆಯ ಬೆಲೆ ತಿಳಿದದ್ದು ಆಮೇಲೆ. ಭೂಗೋಳದ ಉಪನ್ಯಾಸಕರು ಕನಕರಾಜು ಎಂಬುವರು. ಸುಕನ್ಯ ಅವರ ಹತ್ತಿರ ಹೋಗಿ ಅತ್ತಾಗ, ಅರ್ಜಿ ಬರೆದುಕೊಟ್ಟರೆ ಬದಲಾಯಿಸಬಹುದು ಅಂದರು. ಆದರೆ ಹೋದ ವರ್ಷ ಮಕ್ಕಳೇ ಅಪ್ಪಂದಿರ ಸಹಿ ಗೀಚಿ ತಂದುಕೊಟ್ಟು ರಂಪವಾಗಿತ್ತಂತೆ. ಅದಕ್ಕೇ ಕಾಲೇಜಿನವರು ಕಟ್ಟುನಿಟ್ಟು ಮಾಡಿದ್ದರು: ಫಾರಮ್ಮಿನಲ್ಲಿ ಯಾರ ಸಹಿ ಇದೆಯೋ ಅವರದೇ ಸಹಿ ಬೇಕು, ಅರ್ಜಿಯನ್ನು ಅವರೇ ಅಂಚೆಯಲ್ಲಿ ಕಳಿಸಬೇಕು, ಜುಲೈ ಮೂವತ್ತೊಂದರೊಳಗಿನ ಮುದ್ರೆ ಬಿದ್ದಿರಬೇಕು. ಹೆತ್ತ ಅಪ್ಪನ ಸಹಿ ಈಗ ನಡೆಯುವುದಿಲ್ಲ. ಅವನು ಗೇಟಿನಾಚೆ ನಿಂತವನು.

ಸುಕನ್ಯ ಹಾಳೆ ತಂದಿಟ್ಟ ಸಂಜೆ ಶಿವಶಂಕರ್ ಟ್ರ್ಯಾಕ್ಟರಿನಿಂದ ಇಳಿದು ಕೈ ತೊಳೆಯುವಾಗ ವಿಮಲಮ್ಮ ಹಾಳೆ ಮುಂದೆ ಹಿಡಿದಳು. ಅವರು ಓದಲೂ ಇಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲಿಟ್ಟು ಸಹಿ ಹಾಕಿ, “ಹುಡ್ಗಿ ಆಸೆ ಪಡ್ತದೆ, ನಾಳೆ ಕಳ್ಸ್‌ಬುಡು” ಅಂದು ಒಳಗೆ ಹೋದರು. ಕೆಟ್ಟವರಲ್ಲ. ಕೆಟ್ಟದ್ದಾಗದಂತೆ ನೋಡಿಕೊಳ್ಳುವಷ್ಟು ಪುರುಸೊತ್ತಿಲ್ಲದವರು, ಅಷ್ಟೆ.

ಊಟಕ್ಕೆ ಕೂತಾಗ ರಮ್ಯಶ್ರೀ ಗೊಣಗಿದಳು. “ಅವಳು ಭೂಗೋಳಕ್ಕೆ ಹೋದ್ರೆ ಬುಧವಾರ, ಶನಿವಾರ ನಾನೊಬ್ಳೇ ಬರ್ಬೇಕಾ? ಸೀಟು ಯಾರು ಹಿಡೀತಾರೆ? ನೋಟ್ಸ್ ಯಾರು ಬರ್ಕೊಡ್ತಾರೆ?”

“ನೀನೂ ಭೂಗೋಳ ತಗೊಂಬುಡು ಮತ್ತೆ.”

“ನನ್ ಕೈಲಾಗಲ್ಲಪ್ಪ ಆ ಗೆರೆ ಎಳ್ಯೋದು. ಅಲ್ಲಿರೋರೆಲ್ಲ ಹಾಸ್ಟೆಲ್ ಮಕ್ಕಳು ಬೇರೆ.”

ವಿಮಲಮ್ಮ ಮಗಳ ತಟ್ಟೆಗೆ ತುಪ್ಪ ಬಿಟ್ಟಳು. “ನೀನು ಉಣ್ಣು. ಅದೆಲ್ಲ ನಾನು ನೋಡ್ಕೊತೀನಿ.”

ಹಾಳೆ ಬೀರುವಿನೊಳಗೆ, ಮದುವೆ ಸೀರೆಗಳ ಅಡಿಗೆ ಹೋಯಿತು.

ಅಲ್ಲಿಂದ ಹದಿನೈದು ದಿನ ಸುಕನ್ಯ ದಿನಾ ಸಂಜೆ ಬಂದು ಕೇಳಿದಳು. ವಿಮಲಮ್ಮ ಒಂದು ದಿನವೂ ಇಲ್ಲ ಅನ್ನಲಿಲ್ಲ. ಗೌಡರಿಗೆ ಪುರುಸೊತ್ತಿಲ್ಲ ಅಂದಳು, ಲಕೋಟೆ ಇಲ್ಲ ಅಂದಳು, ಬಿಳಿಕೆರೆ ಅಂಚೆಕಚೇರಿಗೆ ಹೋಗುವವರಿಲ್ಲ ಅಂದಳು. ಹುಡುಗಿ ಲಕೋಟೆ ತಂದುಕೊಟ್ಟಳು. “ಅಯ್ಯೋ, ಇಷ್ಟು ಚಿಕ್ಕದ್ರಲ್ಲಿ ಇಡುಸ್ತದಾ?” ಅಂದಳು. ದೊಡ್ಡದು ತಂದುಕೊಟ್ಟಳು. “ಮಡಗು ಅಲ್ಲಿ” ಅಂದಳು. ಬೈದರೆ ಹುಡುಗಿ ತಿರುಗಿ ಬೀಳಬಹುದು; ನಾಳೆ ಅಂದರೆ ನಾಳೆ ಬಂದು ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಾಳೆ. ಈ ವಿದ್ಯೆ ವಿಮಲಮ್ಮನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅತ್ತೆಮನೆಯಲ್ಲಿ ತನ್ನ ಮೇಲೆಯೇ ನಡೆದದ್ದನ್ನು ನೋಡಿ ಕಲಿತದ್ದು.

ಕನಕರಾಜು ಒಂದು ದಿನ ಗೌಡರ ಫೋನಿಗೆ ಮಾಡಿದರು. ಎತ್ತಿದವಳು ವಿಮಲಮ್ಮ.

“ಆ ಹುಡುಗಿ ಅರ್ಜಿ ಇನ್ನೂ ಬಂದಿಲ್ಲ ಅಮ್ಮ. ಸೀಟು ಇಟ್ಕೊಂಡಿದ್ದೀನಿ.”

“ಕಳಿಸ್ತೀವಿ ಸಾರ್. ಆ ಹುಡ್ಗೀದೇ ಒಂದು ಸ್ಥಿಮಿತ ಇಲ್ಲ. ಒಂದು ದಿನ ಬೇಕು ಅಂತದೆ, ಒಂದು ದಿನ ಬ್ಯಾಡ ಅಂತದೆ.”

“ನನ್ನ ಹತ್ರ ಹಂಗೆ ಹೇಳಲಿಲ್ಲವಲ್ಲ.”

“ನಿಮ್ಮತ್ರ ಏಳ್ತಾರಾ ಸಾರ್? ಭಯ ಇರ್ತದೆ. ನಮ್ಮನೇಲೇ ಬೆಳ್ದ ಹುಡ್ಗಿ, ನಮಗೆ ಗೊತ್ತಿಲ್ವಾ?”

ಮೂವತ್ತೊಂದನೇ ತಾರೀಕು ಸುಕನ್ಯ ಕಾಲೇಜಿಗೆ ಹೋಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಚಪ್ಪರದ ಮುಂದೆ ಬಂದು ನಿಂತಳು. ಮಧ್ಯಾಹ್ನ ಒಂದೂವರೆಗೆ ಬಿಳಿಕೆರೆ ಕಡೆ ಹೋಗುವ ಹಾಲಿನ ಆಟೋಗೆ ಹೇಳಿ ಬಂದಿದ್ದಳು. ಅದು ತಪ್ಪಿದರೆ ಮೂರು ಗಂಟೆಗೆ ಅಂಚೆಕಚೇರಿ ಮುಚ್ಚುವುದರೊಳಗೆ ತಲುಪಲು ಬೇರೆ ಗಾಡಿಯಿಲ್ಲ.

“ಇವತ್ತೇ ಕೊನೇ ದಿನ ಅವ್ವೋರೆ. ಕೊಡಿ, ನಾನೇ ಓಗಿ ಆಕ್ಬತ್ತೀನಿ.”

“ಕೊಡ್ತೀನಿ ಕಣೆ, ಯಾರು ಇಲ್ಲ ಅಂದೋರು? ಕಾಲೇಜಿಗೂ ಓಗಿಲ್ಲ, ಬಂದಿದ್ದೂ ಬಂದಿದ್ದೀಯ, ಒಂದು ಇಪ್ಪತ್ತು ಕಡ್ಡಿ ಕಟ್ಟಿಕೊಟ್ಟೋಗು. ನಿಮ್ಮವ್ವನ ಕೈ ನಿಧಾನ.”

ಸುಕನ್ಯ ಕೂತಳು. ಹುಡುಗಿಯ ಬೆರಳು ಎಷ್ಟು ಚುರುಕಾಗಿದ್ದವೆಂದರೆ ಎಲೆ ಜೋಡಿಸಿ ಕೊಡುತ್ತಿದ್ದ ಚಿಕ್ಕಸಿದ್ದಮ್ಮನಿಗೇ ಹಿಂದೆ ಬೀಳುವಂತಾಯಿತು. ಹನ್ನೊಂದಕ್ಕೆಲ್ಲ ಇಪ್ಪತ್ತು ಮುಗಿಯಿತು. “ಎಷ್ಟು ಚೆಂದಾಗಿ ಕಟ್ತೀಯೆ, ನಿಂಗೆ ಇದೇ ಲಾಯಕ್ಕು ಕಣೆ” ಎಂದು ವಿಮಲಮ್ಮ ನಗುತ್ತಾ ಹೊಗಳಿ, ಇನ್ನು ಹತ್ತೇ ಹತ್ತು ಅಂದಳು. ಆ ಹತ್ತು ಮುಗಿದಾಗ ಮತ್ತೆ ಹತ್ತು. ಒಂದು ಗಂಟೆಗೆ ಹುಡುಗಿ ಎದ್ದು ನಿಂತಳು. ಅಂಟು ಮೊಣಕೈವರೆಗೆ ಹತ್ತಿತ್ತು.

“ಆಟೋ ಬರೋ ಹೊತ್ತಾಯ್ತು ಅವ್ವೋರೆ.”

ವಿಮಲಮ್ಮ ಒಳಗೆ ಹೋದಳು. ಬೀರು ಇರುವ ಕೋಣೆಯಲ್ಲಿ ಮಂಚದ ಮೇಲೆ ಕೂತು, ತಲೆ ಬಾಚಿಕೊಂಡಳು, ಜಡೆ ಹೆಣೆದಳು. ಬೀಗದ ಕೈ ಸೊಂಟದಲ್ಲೇ ಇತ್ತು. ಹೊರಗೆ ಹಾಲಿನ ಆಟೋ ಎರಡು ಸಲ ಹಾರನ್ ಮಾಡಿತು. ಚಿಕ್ಕಸಿದ್ದಮ್ಮನ ಧ್ವನಿ ಕೇಳಿಸಿತು, “ಒಂದು ಗಳಿಗೆ ನಿಂತ್ಕೊಳಪ್ಪ, ಅವ್ವೋರು ತತ್ತಾವ್ರೆ.” ಮೂರನೇ ಸಲ ಹಾರನ್ ಊರ ಬಾಗಿಲ ಕಡೆಯಿಂದ ಕೇಳಿಸಿದ ಮೇಲೆ ವಿಮಲಮ್ಮ ಹೊರಗೆ ಬಂದಳು.

“ಬೀರು ಬೀಗದ ಕೈ ಗೌಡ್ರು ಜೇಬಲ್ಲೇ ಆಕೊಂಡೋಗವ್ರೆ ಕಣೆ. ಕೆ.ಆರ್. ನಗರಕ್ಕೆ ಓಗವ್ರೆ, ಸಂಜೆ ಬತ್ತಾರೆ. ಏನ್ಮಾಡಾದು.”

ಸುಕನ್ಯಳ ಕಣ್ಣು ವಿಮಲಮ್ಮನ ಸೊಂಟದ ಮೇಲೆ ಒಂದು ಕ್ಷಣ ನಿಂತಿತು. ಅಲ್ಲಿ ಬೀಗದ ಕೈ ಗೊಂಚಲು ಸೆರಗಿನಡಿಯಿಂದ ಅರ್ಧ ಹೊರಗೆ ಬಂದಿತ್ತು. ವಿಮಲಮ್ಮ ಸೆರಗು ಎಳೆದುಕೊಂಡಳು. ಚಿಕ್ಕಸಿದ್ದಮ್ಮ ತಲೆ ಬಗ್ಗಿಸಿ ಎಲೆ ಜೋಡಿಸುತ್ತಿದ್ದಳು. ಅವಳು ಏನನ್ನೂ ನೋಡದವಳಂತೆ ಇರುವುದನ್ನು ಎಷ್ಟೋ ವರ್ಷಗಳಿಂದ ರೂಢಿ ಮಾಡಿಕೊಂಡವಳು.

“ಕೂತ್ಕೊ ಮಗಾ,” ಅಂದಳು ಮಗಳಿಗೆ. “ಎಂಗಿದ್ರೂ ಕೈ ಅಂಟಾಗದೆ.”

ಆ ದಿನ ಸುಕನ್ಯ ಎಪ್ಪತ್ತಾರು ಕಡ್ಡಿ ಕಟ್ಟಿದಳು.

ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಬೆಳಿಗ್ಗೆ ಬಸ್ಸಿಗೆ ಮೊದಲು ನುಗ್ಗಿ ಸೀಟು ಹಿಡಿದು, ರಮ್ಯಶ್ರೀ ಹತ್ತಿದ ಮೇಲೆ ಎದ್ದು ಕಂಬಿ ಹಿಡಿದು ನಿಲ್ಲುತ್ತಿದ್ದಳು. ಎರಡು ನೋಟ್ಸು ಬರೆಯುತ್ತಿದ್ದಳು, ಒಂದು ತನಗೆ, ಒಂದು ರಮ್ಯಶ್ರೀಗೆ. ವಿಮಲಮ್ಮನಿಗೆ ಸಮಾಧಾನವಾಯಿತು. ‘ನೋಡು, ಎರಡು ದಿನ ಅತ್ತಂಗೆ ಮಾಡಿ ಸುಮ್ಕಾಯ್ತು. ಮಕ್ಕಳ ಆಸೆ ಅಂದ್ರೆ ಇಷ್ಟೇಯ’ ಎಂದು ಗಂಡನಿಗೆ ಹೇಳಿದಳು. ಅವರು ಯಾವ ಆಸೆ ಎಂದು ಕೇಳಲಿಲ್ಲ.

ಆದರೆ ಹುಡುಗಿ ಸುಮ್ಮನಾಗಿರಲಿಲ್ಲ. ಸಿಕ್ಕಿದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸಮಾಜಶಾಸ್ತ್ರದ ಪುಸ್ತಕವನ್ನು ಒಂದು ಅಕ್ಷರ ಬಿಡದೆ ಓದಿದಳು. ಅದರಲ್ಲಿ ತನ್ನ ಕೇರಿ, ತನ್ನ ಬಾವಿ, ಗೂಡಿನಲ್ಲಿನ ಲೋಟ ಎಲ್ಲವಕ್ಕೂ ಹೆಸರುಗಳಿವೆ ಎಂಬುದು ಅವಳಿಗೆ ಆಶ್ಚರ್ಯವಾಗಿತ್ತು. ಊರಲ್ಲಿ ಯಾರೂ ಹೆಸರಿಡದೆ ನಡೆಸಿಕೊಂಡು ಬಂದದ್ದನ್ನು ಯಾರೋ ಕೂತು ಬರೆದಿದ್ದರು. ಭೂಗೋಳದ ಮಕ್ಕಳು ಟೇಪು ಹಿಡಿದು ಮೈದಾನ ಅಳೆಯುವುದನ್ನು ಕಿಟಕಿಯಿಂದ ನೋಡುವುದನ್ನೂ ನಿಧಾನವಾಗಿ ಬಿಟ್ಟಳು. ‘ಇದೂ ಒಂಥರಾ ನಕ್ಷೇನೇ ಕಣವ್ವ’ ಎಂದು ತಾಯಿಗೆ ಹೇಳಿದಳಂತೆ. ತಾಯಿ ಅದನ್ನು ಎಲೆ ಜೋಡಿಸುವಾಗ ವಿಮಲಮ್ಮನಿಗೆ ಹೇಳಿ, ಸಂತೋಷಪಟ್ಟಳು.

ದಸರೆಗೆ ಮುಂಚೆ ಮಧ್ಯವಾರ್ಷಿಕ ಪರೀಕ್ಷೆಯಾಯಿತು. ಸಮಾಜಶಾಸ್ತ್ರದ ಸಿದ್ದಲಿಂಗಮ್ಮ ಮೇಡಂ ಉತ್ತರಪತ್ರಿಕೆ ಹಂಚುವಾಗ ಸುಕನ್ಯಳನ್ನು ಎದ್ದು ನಿಲ್ಲಿಸಿದರು. ಎಂಬತ್ತಕ್ಕೆ ಎಪ್ಪತ್ತೇಳು. ಅವಳ ಒಂದು ಉತ್ತರವನ್ನು ಎಲ್ಲರಿಗೂ ಓದಿ ಹೇಳಿದರು. ಆಮೇಲೆ ರಮ್ಯಶ್ರೀಯನ್ನು ನಿಲ್ಲಿಸಿದರು. ಹತ್ತೊಂಬತ್ತು. “ಒಂದೇ ಊರು, ಒಂದೇ ಬೆಂಚು. ಪಕ್ಕದಲ್ಲಿ ಕೂತಿದ್ದಕ್ಕಾದರೂ ಸ್ವಲ್ಪ ಗಾಳಿ ತಾಕಬಾರದಾ?” ಅಂದರು. ಕ್ಲಾಸು ನಕ್ಕಿತು. ಆಗ ಸುಕನ್ಯ, ಒಳ್ಳೆಯದನ್ನೇ ಎಣಿಸಿ, “ರಮ್ಯ, ನಾನು ಏಳ್ಕೊಡ್ತೀನಿ ಬುಡು” ಅಂದುಬಿಟ್ಟಳು. ಅಕ್ಕ ಅನ್ನುವುದು ಊರ ಬಾಗಿಲಲ್ಲೇ ಉಳಿದಿತ್ತು.

ಮನೆಗೆ ಬಂದ ರಮ್ಯಶ್ರೀ ಬ್ಯಾಗನ್ನು ಒಗೆದ ರಭಸಕ್ಕೆ ಒಳಗಿನ ಊಟದ ಡಬ್ಬಿ ಬಾಯಿ ಬಿಟ್ಟಿತು.

“ನಾಳೆಯಿಂದ ಅವಳು ನನ್ ಜೊತೆ ಬರೋದು ಬೇಡ. ನನ್ ಕ್ಲಾಸಲ್ಲೂ ಇರೋದು ಬೇಡ.”

“ಜೊತೆ ಯಾರೇ ನಿಂಗೆ?”

“ಮುಂದಿನ ಸ್ಟಾಪಲ್ಲಿ ಇಬ್ರು ಹುಡ್ಗೀರು ಹತ್ತುತಾರೆ, ನಮ್ಮೋರೇ. ನಂಗೆ ಅವರೇ ಸಾಕು. ಅವಳನ್ನ ತೆಗ್ಸು ಅಮ್ಮ, ಎಲ್ರ ಮುಂದೆ ರಮ್ಯ ಅಂತಾಳೆ.”

ವಿಮಲಮ್ಮ ಮಗಳ ತಲೆ ಸವರಿ ಕೂತಳು. ಮಗಳು ಅತ್ತರೆ ಅವಳ ಕರುಳು ಸುಡುತ್ತಿತ್ತು. ಆ ಸುಡುವಿಕೆ ನಿಜವಾದದ್ದೇ. ತೆಗೆಸುವುದು ಹೇಗೆ ಎಂದು ಯೋಚಿಸುವಾಗ ಬೀರುವಿನಲ್ಲಿದ್ದ ಹಾಳೆ ನೆನಪಾಯಿತು. ಹುಡುಗಿ ತಾನೇ ಕೇಳಿಕೊಂಡದ್ದಲ್ಲವೇ. ಕೊಟ್ಟರೆ ಪುಣ್ಯವೇ.

ಕನಕರಾಜುಗೆ ತಾನೇ ಫೋನು ಮಾಡಿದಳು. ಅವರು, “ನನ್ನ ಸೆಕ್ಷನ್ನಿನಲ್ಲಿ ಮಕ್ಕಳು ಕಮ್ಮಿ ಇದ್ದಾರೆ, ದಸರಾ ರಜೆ ಮುಗಿಯೋವರೆಗೆ ಬಂದ ಅರ್ಜಿಗಳನ್ನ ತಗೊಳ್ಳೋಣ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಆದರೆ ಅಮ್ಮ, ಈಗ ಬಂದರೆ ಹುಡುಗಿಗೆ ತೊಂದರೆ. ಅರ್ಧ ಪಾಠ ಮುಗಿದಿದೆ. ಪ್ರಾಯೋಗಿಕದ ಪುಸ್ತಕ ಅರ್ಧ ಆಗಿದೆ, ಅದನ್ನ ಹಿಂದಿನಿಂದ ಬರೆಸೋಕಾಗಲ್ಲ. ಮಧ್ಯವಾರ್ಷಿಕದಲ್ಲಿ ಸೊನ್ನೆ ಬೀಳುತ್ತೆ. ಫೇಲಾದ್ರೂ ಆಗಬಹುದು. ಒಂದು ಸಲ ಅವಳನ್ನೇ ಕೇಳಿ” ಅಂದರು.

“ಅವಳೇ ಬರ್ದಿರೋ ಅರ್ಜಿ ಸಾರ್. ಅವಳ್ದೇ ಅಕ್ಷರ.”

ಫೋನಿಟ್ಟ ಮೇಲೆ ಆ ‘ಫೇಲು’ ಅನ್ನುವ ಮಾತು ವಿಮಲಮ್ಮನ ತಲೆಯಲ್ಲಿ ಒಂದೆರಡು ಸುತ್ತು ಸುತ್ತಿತು. ಫೇಲಾದರೆ ಚಿಕ್ಕಸಿದ್ದಮ್ಮ ಮಗಳನ್ನು ಮತ್ತೆ ಕಳಿಸುವುದಿಲ್ಲ. ಅದನ್ನು ಅವಳೇ ಎಷ್ಟೋ ಸಲ ಹೇಳಿದ್ದಾಳೆ. ಬರುವ ವರ್ಷ ಸೊಪ್ಪು ಕಟ್ಟಲು ಜನ ಎಲ್ಲಿ ಸಿಗುತ್ತಾರೆ? ದಿನಕ್ಕೆ ಎಪ್ಪತ್ತಾರು ಕಡ್ಡಿ ಕಟ್ಟುವ ಕೈ. ಅಷ್ಟು ಯೋಚಿಸಿದವಳು ಅಲ್ಲಿಗೇ ನಿಲ್ಲಿಸಿ, ಛೆ, ನಾನ್ಯಾಕೆ ಹಾಗೆ ಬಯಸಲಿ ಎಂದು ದೇವರ ಗೂಡಿಗೆ ಕೈ ಮುಗಿದಳು.

ರಜೆ ಮುಗಿಯಲು ಎರಡು ದಿನವಿದ್ದಾಗ ವಿಮಲಮ್ಮ ಚಿಕ್ಕಸಿದ್ದಮ್ಮನನ್ನೂ ಸುಕನ್ಯಳನ್ನೂ ಕರೆಸಿದಳು. ಹಾಳೆಯನ್ನು ಬಿಚ್ಚಿ ತೋರಿಸಿದಳು.

“ನೋಡು, ಕಾಲೇಜಿನೋರು ಒಪ್ಪವ್ರೆ. ನಿನ್ನ ಭೂಗೋಳ ನಿಂಗೆ ಸಿಕ್ತು.”

“ಅದು ಆಗಿಂದು ಅವ್ವೋರೆ. ಈಗ ಬ್ಯಾಡ. ನಾನು ಇದ್ರಲ್ಲೇ ಇರ್ತೀನಿ. ಅರ್ದಾಕ್ಬುಡಿ.”

“ಅರ್ದಾಕಾದಾ? ಗೌಡ್ರು ಸೈನಾಕಿರೋ ಕಾಗ್ದವಾ?”

“ಅರ್ಧ ಪಾಠ ಆಗೋಗದೆ. ಈಗ ಓದ್ರೆ ನಾನು ಫೇಲಾಯ್ತೀನಿ.”

“ನಿನ್ನಂಥ ಬುದ್ಧಿವಂತೆ ಫೇಲಾದಾಳಾ? ಎಂಬತ್ತಕ್ಕೆ ಎಪ್ಪತ್ತೇಳು ತಗಂಡೋಳು.” ವಿಮಲಮ್ಮ ಹಾಳೆಯ ಮೇಲೆ ಬೆರಳಿಟ್ಟು ಓದಿದಳು, ಕಾಗುಣಿತ ಬಿಡಿಸುತ್ತಾ. “‘ಭೂಗೋಳ ಓದಬೇಕೆಂಬುದು ನನ್ನ ಬಹುದಿನದ ಆಸೆಯಾಗಿದ್ದು, ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ ಈ ಅರ್ಜಿ ಬರೆದಿರುತ್ತೇನೆ.’ ಯಾರು ಬರ್ದಿದ್ದು ಇದು?”

“ನಾನೇಯ.”

“ಮತ್ತೆ?”

ಸುಕನ್ಯ ಹಠಾತ್ತನೆ ಕಾಲು ಹಿಡಿಯಲು ಬಗ್ಗಿದಳು. ವಿಮಲಮ್ಮ ಹಿಂದೆ ಸರಿದಳು, ಮಡಿಯುಟ್ಟಿದ್ದಳು. “ರಮ್ಯಕ್ಕಂಗೆ ಏನಾದ್ರೂ ಬ್ಯಾಸ್ರ ಆಗಿದ್ರೆ ತಪ್ಪಾಯ್ತು ಅಂತೀನಿ ಅವ್ವೋರೆ. ಇನ್ನೊಂದು ಬೆಂಚಲ್ಲಿ ಕೂತ್ಕೊತೀನಿ. ಎಸ್ರಿಡ್ದು ಕರ್ಯಲ್ಲ.”

“ರಮ್ಯಂಗೂ ಇದ್ಕೂ ಏನ್ಲೇ ಸಂಬಂಧ? ನಿಂಗೆ ಒಳ್ಳೇದಾಗ್ಲಿ ಅಂತ ನಾನು ಕಾಲೇಜಿಗೆ ಫೋನ್ ಮಾಡಿ ಒಪ್ಪುಸಿದ್ರೆ, ನನ್ನೇ ಕೇಳ್ತೀಯಲ್ಲ.” ಆಮೇಲೆ ತಾಯಿಯ ಕಡೆ ತಿರುಗಿ, ಮೃದುವಾಗಿ, “ಸಿದ್ದಿ, ನಿನ್ನ ಮಗ್ಳಿಗೆ ಬುದ್ಧಿ ಏಳು. ನಿಮ್ಮನೆ ನಿಂತಿರೋ ಜಾಗ, ನಿನ್ನ ಕೆಲ್ಸ, ನಿನ್ನ ಗಂಡನ ಕೆಲ್ಸ, ಯಾವುದಕ್ಕಾದ್ರೂ ನಾವು ಇದುವರ್ಗೂ ಒಂದು ಮಾತಂದಿದ್ದೀವಾ?” ಅಂದಳು.

ಚಿಕ್ಕಸಿದ್ದಮ್ಮ ಮಗಳ ತೋಳು ಹಿಡಿದು ಎಬ್ಬಿಸಿದಳು. “ಏಳು ಮಗಾ. ನೀನೇ ಬೇಕು ಅಂತ ಅತ್ತಿದ್ದಲ್ವಾ. ಅವ್ವೋರ ಎದ್ರು ಮಾತಾಡ್ಬ್ಯಾಡ.”

ಮಾರನೆಯ ದಿನ ವಿಮಲಮ್ಮ ಸುಕನ್ಯಳನ್ನು ಕರೆದುಕೊಂಡೇ ಬಿಳಿಕೆರೆಗೆ ಹೋದಳು. ಬಸ್ಸಿನಲ್ಲಿ ಹುಡುಗಿ ಅಭ್ಯಾಸದಂತೆ ಮೊದಲು ಹತ್ತಿ ಸೀಟು ಹಿಡಿದು, ವಿಮಲಮ್ಮ ಬಂದ ಮೇಲೆ ಎದ್ದು ನಿಂತಳು. ಅಂಚೆಕಚೇರಿಯಲ್ಲಿ ನಾಲ್ಕೈದು ಜನರಿದ್ದರು. ಹಾಳೆಯಲ್ಲಿ ದಿನಾಂಕದ ಜಾಗ ಖಾಲಿಯಿತ್ತು. ಸಹಿ ಮಾಡುವವರೇ ತುಂಬಲಿ ಎಂದು ಹುಡುಗಿ ಜುಲೈನಲ್ಲಿ ಮರ್ಯಾದೆಗಾಗಿ ಬಿಟ್ಟಿದ್ದಳು. ವಿಮಲಮ್ಮ ಪೆನ್ನನ್ನು ಅವಳ ಕೈಗೆ ಕೊಟ್ಟಳು.

“ಇವತ್ತಿನ ತಾರೀಕು ಆಕು. ವಿಳಾಸಾನೂ ನೀನೇ ಬರಿ. ನನ್ನ ಅಕ್ಷರ ಕೋಳಿ ಕೆದ್ರಿದಂಗದೆ.”

ಸುಕನ್ಯ ಮೇಜಿನ ಮೂಲೆಯಲ್ಲಿ ನಿಂತು ಬರೆದಳು. ತಾರೀಕು ಹಾಕಿದಳು. ಹಾಳೆ ಮಡಿಸಿ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಮೇಲೆ ಪ್ರಾಂಶುಪಾಲರಿಗೆ ಎಂದು ಶುರುಮಾಡಿ, ಕಾಲೇಜಿನ ಹೆಸರು, ಹುಣಸೂರು, ಮೈಸೂರು ಜಿಲ್ಲೆ ಎಂದು ಬರೆದು, ಪಿನ್‌ಕೋಡಿಗೆ ಬಂದಾಗ ಕೈ ನಿಂತಿತು. ವಿಮಲಮ್ಮನಿಗೆ ಆ ಅಂಕಿಗಳು ಗೊತ್ತಿರಲಿಲ್ಲ. ಒಂದು ಅಂಕಿ ಬೇರೆ ಬರೆದರೆ ಕಾಗದ ಎಲ್ಲೋ ಸುತ್ತಿಕೊಂಡು, ರಜೆ ಮುಗಿದ ಮೇಲೆ ತಲುಪಬಹುದಿತ್ತು. ಅದು ಹುಡುಗಿಗೆ ಗೊತ್ತಿತ್ತು. ಆದರೆ ತಪ್ಪು ಬರೆಯುವುದು ಅವಳ ಕೈಗೆ ರೂಢಿಯಿರಲಿಲ್ಲ. ಆರೂ ಅಂಕಿಗಳನ್ನು ದುಂಡಗೆ, ಬಿಡಿಬಿಡಿಯಾಗಿ ಬರೆದಳು.

“ಕಳಿಸೋರು ಯಾರಮ್ಮ?” ಕಿಟಕಿಯೊಳಗಿನವರು ಕೇಳಿದರು.

“ಶಿವಶಂಕರ್, ಹಿರೀಕೊಪ್ಪಲು,” ಅಂದಳು ವಿಮಲಮ್ಮ. “ಈ ಹುಡ್ಗಿ ಪೋಷಕರು.”

“ಸ್ಪೀಡ್ ಪೋಸ್ಟಾ? ನಾಳೆ ಸೇರುತ್ತೆ.”

“ಸೇರ್ಲಿ ಸ್ವಾಮಿ. ಪಾಪ, ಹುಡ್ಗಿ ಎಷ್ಟು ದಿನದಿಂದ ಕಾಯ್ತಾ ಅದೆ.”

ಒಳಗಿನವರು ಲಕೋಟೆಯನ್ನು ತೂಗಿ, ಚೀಟಿ ಅಂಟಿಸಿ, ಮುದ್ರೆ ಒತ್ತಿ, ಬದಿಯಲ್ಲಿದ್ದ ಚೀಲಕ್ಕೆ ಹಾಕಿದರು.